ಕಿವಿಗೊಂದು ಕದ

ಕಣ್ಣಿಗೆ ರೆಪ್ಪೆಯಿದೆ, ಬಾಯಿಗೆ ತುಟಿಯಿದೆ. ಕಿವಿಗೆ ಮಾತ್ರ ಕದವಿಲ್ಲ. ನಾವು ಮಲಗಿದಾಗಲೂ ಅದು ಎಚ್ಚರವಾಗಿಯೇ ಇರುತ್ತದೆ. ಮಗು ಅತ್ತರೆ ತಾಯಿ ನಿದ್ದೆಯಲ್ಲಿಯೂ ಏಳುವುದು, ನಡುರಾತ್ರಿ ದನದ ಕೊರಳ ಗಂಟೆ ಅಲುಗಿದರೆ ರೈತ ಹಾಸಿಗೆ ಬಿಟ್ಟು ಹಿತ್ತಲಿಗೆ ಹೋಗುವುದು ಕಿವಿಯ ಈ ಎಚ್ಚರದಿಂದಲೇ. ಹೀಗೆ ಸದಾ ತೆರೆದಿರುವ ಬಾಗಿಲಿಗೆ ಮನುಷ್ಯನೇ ಒಂದು ಕದವನ್ನು ಮಾಡಿಕೊಂಡಿದ್ದಾನೆ. ಅದರ ಹೆಸರು ಹೆಡ್‌ಫೋನ್. ಪ್ರಿಯ ಓದುಗರೇ, ಇಂದು ನಿಮ್ಮ ಮನೆಯಲ್ಲಿಯೂ ಇಂಥ ಒಂದಾದರೂ ಕದ ಇದ್ದೀತು. ಮಗನ ಕೊರಳಲ್ಲಿ ತೂಗುತ್ತಿದ್ದೀತು, ಇಲ್ಲವೇ ಮಗಳ ಪುಸ್ತಕದ ಚೀಲದಲ್ಲಿದ್ದೀತು. ಅದನ್ನು ಆರಿಸುವ ಬಗೆ, ಬಳಸುವ ಬಗೆ, ಅದಕ್ಕಿಂತ ಹೆಚ್ಚಾಗಿ ಅದನ್ನು ತೆಗೆದಿಡುವ ಬಗೆಯನ್ನು ಕುರಿತು ನನಗೆ ತೋಚಿದ ಕೆಲವು ಮಾತುಗಳನ್ನು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ನಾನು ಅಣ್ಣಿಗೇರಿಯವಳು; ಕುಂದಗೋಳದ ಶಾಲೆಯೊಂದರಲ್ಲಿ ಶಿಕ್ಷಕಿ. ಬೆಳಿಗ್ಗೆ ಹುಬ್ಬಳ್ಳಿಯವರೆಗೆ ರೈಲು, ಅಲ್ಲಿಂದ ಕುಂದಗೋಳಕ್ಕೆ ಬಸ್ಸು. ಸಂಜೆ ಅದೇ ದಾರಿ ತಿರುಗುಮುರುಗು. ದಿನಕ್ಕೆ ಮೂರು ಗಂಟೆಗೆ ಕಡಿಮೆಯಿಲ್ಲದಷ್ಟು ಹೊತ್ತು ಹೀಗೆ ದಾರಿಯಲ್ಲಿ ಕಳೆಯುತ್ತದೆ. ಹೆಬಸೂರು ದಾಟುವಾಗ ಕಿಟಕಿಯಾಚೆ ಕಣ್ಣು ಹಾಯುವಷ್ಟು ದೂರ ಎರೆಭೂಮಿ. ಒಳಗೆ ಮಾತು, ಮಾರಾಟದ ಕೂಗು, ಯಾರದೋ ಫೋನಿನಿಂದ ಜೋರಾಗಿ ಹರಿಯುವ ಸಿನಿಮಾ ಹಾಡು. ಈ ಮೂರು ಗಂಟೆಗಳನ್ನು ಸಂಗೀತಕ್ಕೆ ಕೊಡಬೇಕೆಂಬ ಆಸೆ ನನಗೆ ಬಹಳ ವರ್ಷಗಳಿಂದ ಇತ್ತು.

ಕುಂದಗೋಳಕ್ಕೆ ನಿತ್ಯ ಹೋಗುವವರಿಗೆ ಅಂಥ ಆಸೆ ಹುಟ್ಟುವುದು ಸಹಜವೇ. ರಾಮಭಾವು ಕುಂದಗೋಳಕರ ಎಂಬ ಸವಾಯಿ ಗಂಧರ್ವರ ಊರದು. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರಲ್ಲಿ ಕಲಿತ ಅವರು ತಮ್ಮ ವಿದ್ಯೆಯನ್ನು ಇದೇ ನೆಲದ ಮಕ್ಕಳಿಗೆ ಧಾರೆಯೆರೆದರು. ಗಂಗೂಬಾಯಿ ಹಾನಗಲ್ಲರು 1930ರ ದಶಕದ ಕೊನೆಯ ಭಾಗದಲ್ಲಿ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಬಂದು ಪಾಠ ಹೇಳಿಸಿಕೊಂಡು ಹಿಂದಿರುಗುತ್ತಿದ್ದರು. ಭೀಮಸೇನ ಜೋಶಿಯವರ ಕಥೆಯಂತೂ ಕೇಳುವಿಕೆಯಿಂದಲೇ ಆರಂಭವಾಗುತ್ತದೆ. ಅಂಗಡಿಯೊಂದರಲ್ಲಿ ಹಾಕಿದ್ದ ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ ಆ ಬಾಲಕನ ಕಿವಿಗೆ ಬಿದ್ದಿತು. ಗುರುವನ್ನು ಹುಡುಕುತ್ತ 1933ರಲ್ಲಿ ಮನೆ ಬಿಟ್ಟಾಗ ಆತನಿಗೆ ಹನ್ನೊಂದು ವರ್ಷ. ಉತ್ತರದ ಊರೂರು ಅಲೆದು, ಕೊನೆಗೆ 1936ರಲ್ಲಿ ಆತನು ಬಂದು ನಿಂತದ್ದು ಕುಂದಗೋಳದಲ್ಲಿ, ಅದೇ ಖಾನರ ಶಿಷ್ಯರ ಮನೆಯ ಬಾಗಿಲಲ್ಲಿ. ಅಲ್ಲಿ ನೀರು ಹೊತ್ತು, ಗುರುಸೇವೆ ಮಾಡಿ ಕಲಿತವರು 2008ರಲ್ಲಿ ಭಾರತರತ್ನರಾದರು. ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಮೇಲೆ ಅವರ ನೆನಪಿನಲ್ಲಿ ಕುಂದಗೋಳದ ನಾಡಿಗೇರ ವಾಡೆಯಲ್ಲಿ ರಾತ್ರಿಯಿಡೀ ನಡೆಯುವ ಸಂಗೀತೋತ್ಸವದ ಪರಂಪರೆ ಬೆಳೆಯಿತು. ಹಳೆಯ ಕಂಬಗಳ ನಡುವೆ ಚಕ್ಕಳಮಕ್ಕಳ ಹಾಕಿಕೊಂಡು ಕುಳಿತ ಹಳ್ಳಿಯ ಜನ ಅಲ್ಲಿ ಮೊದಲು ಕೇಳುವುದು ತಂಬೂರಿಯ ಶ್ರುತಿಯನ್ನು. ಗಾಯಕ ಬಾಯಿ ತೆರೆಯುವುದು ಆಮೇಲೆ.

ಕಿರಾನಾ ಗಾಯನದ ಜೀವ ಸ್ವರದ ನೆಲೆಯಲ್ಲಿದೆ. ಒಂದೊಂದೇ ಸ್ವರವನ್ನು ಮೆಲ್ಲನೆ ಮುಟ್ಟಿ, ಹಿಡಿದು, ನಿಲ್ಲಿಸಿ ಮುಂದೆ ಸಾಗುವ ಆಲಾಪವದು. ತಂಬೂರಿಯ ಝೇಂಕಾರದೊಡನೆ ಆ ಸ್ವರ ಕೂಡಿಕೊಳ್ಳುವುದನ್ನು ಕೇಳದಿದ್ದರೆ ಅರ್ಧ ಸಂಗೀತ ಕೇಳಿದಂತೆಯೇ. ಬಸ್ಸಿನ ಎಂಜಿನ್ ಮೊದಲು ನುಂಗಿಬಿಡುವುದು ಅದನ್ನೇ. ಕಿವಿಯ ಬಾಯಿಯಲ್ಲಿ ಸಡಿಲವಾಗಿ ಕೂಡುವ ಅಗ್ಗದ ಇಯರ್‌ಫೋನಿನಲ್ಲಿ ತಂಬೂರಿ ಕೇಳಬೇಕೆಂದರೆ ಧ್ವನಿಯನ್ನು ಏರಿಸುತ್ತಲೇ ಹೋಗಬೇಕು. ಗಾಯಕ ತಾರಸ್ಥಾಯಿಗೆ ಹೋದಾಗ ಕಿವಿ ಚುರುಗುಟ್ಟುತ್ತದೆ. ಹೆಡ್‌ಫೋನನ್ನು ವಿಚಾರಿಸಿ ಕೊಳ್ಳಬೇಕೆಂದು ನಾನು ಹೊರಟದ್ದು ಈ ಕಾರಣಕ್ಕೆ.

ಆರಿಸುವ ಮುನ್ನ

ಕಿವಿಯನ್ನು ಪೂರ್ತಿ ಆವರಿಸುವ ಹೆಡ್‌ಫೋನುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ಬಟ್ಟಲಿನ ಹಿಂಬದಿ ಜಾಲರಿಯಂತೆ ತೆರೆದಿರುತ್ತದೆ. ಧ್ವನಿ ಹೊರಗೂ ಹೋಗುತ್ತದೆ, ಹೊರಗಿನ ಸದ್ದು ಒಳಗೂ ಬರುತ್ತದೆ. ಮೌನವಾದ ಕೋಣೆಯಲ್ಲಿ ಒಬ್ಬರೇ ಕುಳಿತು ಕೇಳಲು ಅದು ಬಲು ಸೊಗಸು. ಸಭಾಂಗಣದಲ್ಲಿ ಕುಳಿತ ಅನುಭವ ಕೊಡುತ್ತದೆ. ಎರಡನೆಯದು ಹಿಂಬದಿ ಮುಚ್ಚಿದ ಬಗೆ. ಇದರಲ್ಲಿ ಬಟ್ಟಲು ಗಟ್ಟಿಯಾಗಿರುತ್ತದೆ. ಸುತ್ತಲಿನ ಮೆತ್ತೆ ತಲೆಗೆ ಒತ್ತಿ ಕೂತು ಹೊರಗಿನ ಸದ್ದನ್ನು ತಡೆಯುತ್ತದೆ, ಒಳಗಿನ ಸಂಗೀತವೂ ಪಕ್ಕದವರಿಗೆ ಸೋರುವುದಿಲ್ಲ. ಪ್ರಯಾಣದಲ್ಲಿ ಕೇಳುವವರಿಗೆ ಈ ಎರಡನೆಯದೇ ಸರಿ. ಆದರೆ ಮುಚ್ಚಿದ ಬಟ್ಟಲಿಗೆ ತನ್ನದೇ ಕಷ್ಟವೂ ಇದೆ. ಸ್ಪೀಕರಿನ ಹಿಂಬದಿಯಿಂದ ಹೊರಟ ಧ್ವನಿ ಒಳಗೇ ಸಿಕ್ಕಿಕೊಳ್ಳುತ್ತದೆ. ತಯಾರಕರು ಅದನ್ನು ಸರಿಯಾಗಿ ಅಡಗಿಸದಿದ್ದರೆ ತಬಲಾದ ಎಡಗೈ ನಾದ ಖಾಲಿ ಕೊಡದೊಳಗೆ ಬಾರಿಸಿದಂತೆ ಗುಂಯ್‌ಗುಡುತ್ತದೆ. ಈ ಬಗೆಯಲ್ಲಿ ಹೆಚ್ಚಿನ ಬೆಲೆಗೆ ಒಂದು ಮುಖ್ಯ ಕಾರಣ ಇದೇ: ಮುಚ್ಚಿದ ಬಟ್ಟಲಿನಲ್ಲಿಯೂ ಧ್ವನಿ ಉಸಿರಾಡುವಂತೆ ಮಾಡುವುದು ಸುಲಭವಲ್ಲ.

ಇನ್ನೊಂದು ಬಗೆಯ ಹೆಡ್‌ಫೋನನ್ನು ನೀವು ಜಾಹೀರಾತುಗಳಲ್ಲಿ ನೋಡಿರುತ್ತೀರಿ. ಅದರೊಳಗಿನ ಪುಟ್ಟ ಮೈಕ್ ಹೊರಗಿನ ಸದ್ದನ್ನು ಅಳೆದು, ಅದಕ್ಕೆ ಎದುರಾದ ತರಂಗವನ್ನು ಹುಟ್ಟಿಸಿ ಸದ್ದನ್ನು ಅಳಿಸುತ್ತದೆ. ಎಂಜಿನ್ನಿನ ಗುಡುಗುಡು, ಫ್ಯಾನಿನ ಸದ್ದು ಇಂಥ ಒಂದೇ ಸಮನಾದ ತಗ್ಗಿನ ಧ್ವನಿಗಳಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಮಾತು, ಹಾರ್ನ್ ಮುಂತಾದವುಗಳ ಮೇಲೆ ಅಷ್ಟು ನಡೆಯದು. ಅವನ್ನು ತಡೆಯಲು ಒಳ್ಳೆಯ ಮೆತ್ತೆಯೇ ಬೇಕು. ದಿನವೂ ಬಸ್ಸಿನಲ್ಲಿ ತಿರುಗುವವರಿಗೆ ಅದು ಒಳ್ಳೆಯ ಆಯ್ಕೆಯೆಂಬುದನ್ನು ನಾನು ಒಪ್ಪುತ್ತೇನೆ. ಆದರೂ ನಾನು ತಂತಿಯ ಹೆಡ್‌ಫೋನನ್ನೇ ಬಯಸಿದೆ. ಒಳಗಿನ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೊರಗುತ್ತದೆ, ಅದನ್ನು ಬದಲಿಸಿ ಕೊಡುವವರು ನಮ್ಮ ತಾಲ್ಲೂಕುಗಳಲ್ಲಿ ಸಿಗುವುದು ಕಷ್ಟ. ತಂತಿಯದಾದರೆ ತಂತಿ ಹರಿದರೆ ತಂತಿ, ಮೆತ್ತೆ ಹರಿದರೆ ಮೆತ್ತೆ ಬದಲಿಸಿಕೊಂಡು ಹತ್ತಾರು ವರ್ಷ ಬಾಳಿಸಬಹುದು. ಸೋನಿಯವರ ಎಂಡಿಆರ್-7506 ಎಂಬ ಮಡಚುವ ಹೆಡ್‌ಫೋನ್ 1991ರಲ್ಲಿ ಬಂದದ್ದು, ಇಂದಿಗೂ ಧ್ವನಿಮುದ್ರಣ ಕೋಣೆಗಳಲ್ಲಿ ದುಡಿಯುತ್ತಿದೆ.

ಕೊಳ್ಳುವಾಗ ‘ಓಂ’ ಎಂಬ ಅಳತೆಯನ್ನು ಗಮನಿಸಬೇಕು. ಜರ್ಮನಿಯ ಬೇಯರ್‌ಡೈನಾಮಿಕ್‌ನವರ ಡಿಟಿ 770 ಪ್ರೊ ಎಂಬ ಮುಚ್ಚಿದ ಹೆಡ್‌ಫೋನ್ 32, 80, 250 ಓಂ ಹೀಗೆ ಬೇರೆ ಬೇರೆ ರೂಪಗಳಲ್ಲಿ ಬಂದಿದೆ. ನೋಡಲು ಎಲ್ಲವೂ ಒಂದೇ. ಆದರೆ 250 ಓಂನದನ್ನು ಬರಿಯ ಮೊಬೈಲಿಗೆ ಚುಚ್ಚಿದರೆ ಧ್ವನಿ ಕ್ಷೀಣವಾಗಿ ಕೇಳುತ್ತದೆ. ಅದಕ್ಕೆ ಬೇರೆ ಆಂಪ್ಲಿಫೈಯರ್ ಬೇಕಾಗುತ್ತದೆ. ಜೇಬಿನ ಫೋನಿನಿಂದಲೇ ಕೇಳುವವರು 32 ಓಂ ಆಸುಪಾಸಿನದನ್ನು ಆರಿಸುವುದು ಮೇಲು. 2016ರಲ್ಲಿ ಆಪಲ್ ಕಂಪನಿ ತನ್ನ ಫೋನಿನಿಂದ ಹೆಡ್‌ಫೋನಿನ ತೂತನ್ನೇ ತೆಗೆದುಹಾಕಿದ ಮೇಲೆ ಅನೇಕರು ಅದನ್ನು ಅನುಸರಿಸಿದರು. ನಿಮ್ಮ ಫೋನಿನಲ್ಲಿ ಆ ತೂತು ಇಲ್ಲದಿದ್ದರೆ ಚಾರ್ಜಿನ ಕಂಡಿಗೆ ಸಿಕ್ಕಿಸುವ ಪುಟ್ಟ ಜೋಡಣೆಯೊಂದನ್ನೂ ಕೊಳ್ಳಬೇಕಾದೀತು.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳುತ್ತಾರಲ್ಲವೆ? ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಅಂಗಡಿಯೊಂದರಲ್ಲಿ ಕುಳಿತು ನಾನು ಅರ್ಧ ದಿನ ಪರಾಂಬರಿಸಿದೆ. ಅಂಗಡಿಯವರ ಹಾಡಿನ ಬದಲು ನನಗೆ ಬಾಯಿಪಾಠವಾಗಿರುವ ಸಂಗೀತವನ್ನೇ ಹಾಕಿಸಿದೆ. ತಂಬೂರಿಯ ನಾಲ್ಕು ತಂತಿಗಳು ಬೇರೆ ಬೇರೆಯಾಗಿ ಕೇಳುತ್ತವೆಯೇ, ಹಾರ್ಮೋನಿಯಂ ಕಿರುಚದೆ ಇದೆಯೇ, ಗಾಯಕಿ ಉಸಿರೆಳೆದುಕೊಳ್ಳುವುದು ತಿಳಿಯುತ್ತದೆಯೇ ಎಂದು ನೋಡಿದೆ. ಕನ್ನಡಕ ಹಾಕಿಕೊಂಡೇ ಕೇಳಿದೆ, ಏಕೆಂದರೆ ಕನ್ನಡಕದ ಕಡ್ಡಿಯಿಂದ ಮೆತ್ತೆಯಲ್ಲಿ ಸಂದು ಬಿದ್ದರೆ ತಗ್ಗಿನ ನಾದವೆಲ್ಲ ಸೋರಿ ಹೋಗುತ್ತದೆ. ಒಂದೊಂದನ್ನೂ ಅರ್ಧ ಗಂಟೆ ತಲೆಯ ಮೇಲಿಟ್ಟೆ. ಐದು ನಿಮಿಷಕ್ಕೆ ಹಿತವಾದದ್ದು ಅರ್ಧ ಗಂಟೆಗೆ ಕಪಾಳ ಹಿಂಡುವುದುಂಟು. ಮಗಳನ್ನು ಪಕ್ಕದಲ್ಲಿ ಕೂಡಿಸಿ, ಹೊರಗೆ ಸದ್ದು ಬರುತ್ತದೆಯೇ ಎಂದು ಕೇಳಿದೆ.

ಕೊನೆಗೆ ಮನಸ್ಸು ನಿಂತದ್ದು ರುಮೇನಿಯಾ ದೇಶದ ಮೆಜೆ ಸಂಸ್ಥೆಯವರ 99 ಕ್ಲಾಸಿಕ್ಸ್ ಎಂಬುದರ ಮೇಲೆ. 2015ರಲ್ಲಿ ಬಂದ ಇದರ ಬಟ್ಟಲುಗಳು ಆಕ್ರೋಟದ ಮರದವು. ಅಳತೆ 32 ಓಂ; ತೂಕ, ತಂತಿ ಬಿಟ್ಟು, ಸುಮಾರು 260 ಗ್ರಾಂ. ಬಿಚ್ಚಿ ಮತ್ತೆ ಜೋಡಿಸಲು ಬರುವಂತೆ ಮಾಡಿದ್ದಾರೆಂಬುದು ನನಗೆ ಬಹಳ ಹಿಡಿಸಿತು. ನುಣುಪಾದ ಆ ಮರವನ್ನು ಸವರುವಾಗ ನಮ್ಮ ಕಲಘಟಗಿಯ ಬಣ್ಣದ ತೊಟ್ಟಿಲು ನೆನಪಾಯಿತು. ತೊಟ್ಟಿಲೂ ತಲೆಮಾರಿನಿಂದ ತಲೆಮಾರಿಗೆ ಹೋಗುವ ವಸ್ತುವೇ. ಒಂದು ಮನೆಯ ಮಗು ಬೆಳೆದರೆ ಇನ್ನೊಂದು ಮನೆಗೆ ದಾಟುತ್ತದೆ.

ಬೆಲೆಯ ಮಾತು

ಇಪ್ಪತ್ತೈದು ಸಾವಿರ ರೂಪಾಯಿಯ ಮೇಲಾಯಿತು. ಬರಬೇಕಾಗಿದ್ದ ತುಟ್ಟಿಭತ್ಯೆಯ ಬಾಕಿ ಬಂದಿತ್ತು, ಒಂದು ವರ್ಷ ಕೂಡಿಟ್ಟ ಹಣವೂ ಇತ್ತು; ಸಾಲ ಮಾಡಲಿಲ್ಲ. ಹಾಗಿದ್ದರೂ ಈ ಮೊತ್ತವನ್ನು ನಮ್ಮ ಸೀಮೆಯಲ್ಲಿ ಹಗುರವಾಗಿ ಹೇಳಲಾಗದು. ನವಲಗುಂದ ತಾಲ್ಲೂಕಿನಲ್ಲಿ ಹೊಲ ಮಾಡಿಕೊಂಡಿರುವ ನನ್ನ ತಮ್ಮ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ‘ಅಕ್ಕಾ, ಇದರಾಗ ಒಂದ ಎಕರೆ ಹತ್ತಿ ಬೆಳೀಬಹುದಿತ್ತಲ್ಲ’ ಎಂದ. ಮಾತಿನಲ್ಲಿ ಕೊಂಕಿರಲಿಲ್ಲ. ಬೀಜ, ಗೊಬ್ಬರ, ಔಷಧಿ, ಆಳಿನ ಕೂಲಿ ಎಲ್ಲವನ್ನೂ ಬೆರಳೆಣಿಸಿ ಹೇಳಿದ ಲೆಕ್ಕವದು. ಮಳೆ ತಪ್ಪಿದರೆ ಆ ಎಕರೆಯಿಂದ ಏನೂ ಬಾರದೆಂಬುದೂ ಅವನಿಗೆ ಗೊತ್ತು, ನನಗೂ ಗೊತ್ತು.

ಓದುಗರೇ, ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಗೆ ನಾನು ವಿನಾಯಿತಿ ಕೇಳುವುದಿಲ್ಲ. ಒಳ್ಳೆಯ ಸಂಗೀತ ಕೇಳಲು ಇಪ್ಪತ್ತೈದು ಸಾವಿರ ಬೇಕೇ ಬೇಕೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅದರ ಮೂರನೆಯ ಒಂದು ಭಾಗದ ಬೆಲೆಗೆ ಪ್ರಾಮಾಣಿಕವಾದ ಮುಚ್ಚಿದ ಹೆಡ್‌ಫೋನುಗಳು ಸಿಗುತ್ತವೆ. ಬೆಲೆ ಮೂರು ಪಟ್ಟಾದರೆ ಆನಂದ ಮೂರು ಪಟ್ಟಾಗುವುದಿಲ್ಲ. ಹಳೆಯ ಧ್ವನಿಮುದ್ರಿಕೆಗಳಿಗೆ ಅದು ಹೊಸ ಜೀವ ಕೊಡುವುದೂ ಇಲ್ಲ. ಸವಾಯಿ ಗಂಧರ್ವರ ಕಾಲದ 78 ಸುತ್ತಿನ ತಟ್ಟೆಗಳಲ್ಲಿ ಒಂದು ಬದಿಗೆ ಸುಮಾರು ಮೂರು ನಿಮಿಷದ ಸಂಗೀತ. ಅದರ ತುಂಬ ಎಣ್ಣೆಯಲ್ಲಿ ಸಾಸಿವೆ ಸಿಡಿದಂಥ ಸದ್ದು. ಒಳ್ಳೆಯ ಹೆಡ್‌ಫೋನ್ ಆ ಸದ್ದನ್ನು ಮರೆಮಾಚದೆ ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಆದರೆ ಅದರ ಹಿಂದೆ ನಿಂತು ಹಾಡುತ್ತಿರುವ ಮನುಷ್ಯನನ್ನೂ ಹತ್ತಿರಕ್ಕೆ ತರುತ್ತದೆ. ಆ ಹತ್ತಿರಕ್ಕಾಗಿ ನಾನು ಬೆಲೆ ಕೊಟ್ಟೆ. ದಿನಕ್ಕೆ ಮೂರು ಗಂಟೆ, ಹತ್ತು ವರ್ಷ ಎಂದು ಲೆಕ್ಕ ಹಾಕಿಯೇ ಕೊಟ್ಟೆ.

ನನ್ನನ್ನು ನಿಜವಾಗಿ ಕಾಡಿದ ಪ್ರಶ್ನೆ ಬೇರೆ. ನಾನು ಹುಡುಗಿಯಾಗಿದ್ದಾಗ ಅಪ್ಪ ಹತ್ತಿ ಮಾರಿದ ಹಣದಲ್ಲಿ ಒಂದು ರೇಡಿಯೋ ತಂದಿದ್ದರು. ಆ ಕಾಲಕ್ಕೆ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಪರವಾನಗಿಯ ಶುಲ್ಕ ಕಟ್ಟಬೇಕಿತ್ತು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ನಮಗೆ ಮನೆಯ ಹಿರಿಯರಿದ್ದಂತೆ. ರಾತ್ರಿ ಸಂಗೀತ ಬಂದರೆ ಓಣಿಯ ನಾಲ್ಕು ಮನೆಯವರು ಕಟ್ಟೆಯ ಮೇಲೆ ಕೂಡುತ್ತಿದ್ದರು. ದುಡ್ಡು ಕೊಟ್ಟವರು ಒಬ್ಬರು, ಕೇಳಿದವರು ಇಪ್ಪತ್ತು ಜನ. ನನ್ನ ಹೆಡ್‌ಫೋನಿನಲ್ಲಿಯಾದರೋ ಕೇಳುವವಳು ನಾನೊಬ್ಬಳೇ. ಬಾಗಿಲು ಮುಚ್ಚಿಕೊಂಡು ಒಬ್ಬಳೇ ಉಂಡಂತಾಗಲಿಲ್ಲವೆ ಇದು?

1979ರಲ್ಲಿ ಸೋನಿ ಕಂಪನಿ ಮೊದಲ ವಾಕ್‌ಮನ್ ಹೊರತಂದಾಗ ಅವರಿಗೂ ಇದೇ ಅಳುಕು ಇದ್ದಂತೆ ತೋರುತ್ತದೆ. ಆ ಮೊದಲ ಯಂತ್ರದಲ್ಲಿ ಇಬ್ಬರು ಒಟ್ಟಿಗೆ ಕೇಳಲೆಂದು ಹೆಡ್‌ಫೋನಿಗೆ ಎರಡು ತೂತುಗಳಿದ್ದವು. ಒತ್ತಿದರೆ ಸಂಗೀತ ತಗ್ಗಿ ಪಕ್ಕದವರ ಮಾತು ಮೈಕಿನ ಮೂಲಕ ಕೇಳುವಂಥ ಗುಂಡಿಯೊಂದಿತ್ತು. ಮುಂದೆ ಬಂದ ಮಾದರಿಗಳಲ್ಲಿ ಇವು ಮಾಯವಾದವು. ಜನ ಒಬ್ಬೊಬ್ಬರಾಗಿಯೇ ಕೇಳುವುದನ್ನು ಕಲಿತರು.

ಈ ಪ್ರಶ್ನೆಗೆ ನನ್ನಲ್ಲಿ ಅರ್ಧ ಉತ್ತರವಿದೆ. ತುಂಬಿದ ಬಸ್ಸಿನಲ್ಲಿ ಫೋನನ್ನು ಜೋರಾಗಿ ಹಚ್ಚುವುದು ಹಂಚಿಕೊಳ್ಳುವುದಾಗದು, ಹೇರುವುದಾಗುತ್ತದೆ. ಪಕ್ಕದಲ್ಲಿ ದಣಿದ ಕೂಲಿಯ ತಾಯಿ ತೂಕಡಿಸುತ್ತಿರುತ್ತಾಳೆ, ಆಸ್ಪತ್ರೆಗೆ ಹೊರಟ ರೋಗಿ ಕುಳಿತಿರುತ್ತಾನೆ. ಹಿಂಬದಿ ಮುಚ್ಚಿದ ಹೆಡ್‌ಫೋನ್ ಅವರ ಪಾಲಿಗೆ ನಾನು ತೋರುವ ಮರ್ಯಾದೆ. ಉತ್ತರದ ಉಳಿದರ್ಧ ನನಗೆ ದೊರೆತದ್ದು ಅಪ್ಪನಿಂದ.

ಅಪ್ಪನ ಕಿವಿ

ಅಪ್ಪನಿಗೆ ಈಗ ಎಂಬತ್ತು ದಾಟಿದೆ. ಅಣ್ಣಿಗೇರಿಯ ಹಳೆಯ ಮನೆ ಬಿಟ್ಟು ಬರಲೊಲ್ಲದ ಅವರು ನಮ್ಮ ಜೊತೆಗೇ ಇದ್ದಾರೆ. ಹರೆಯದಲ್ಲಿ ಹತ್ತಿಯ ಜಿನ್ನಿಂಗ್ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಸೇರಿ ಮೂವತ್ತು ವರ್ಷ ಯಂತ್ರಗಳ ನಡುವೆ ನಿಂತರು. ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕೆಂದು ಹತ್ತಿಯ ಕಾರ್ಖಾನೆಯಲ್ಲಿಯೇ ಅವರಿಗೆ ಯಾರೂ ಹೇಳಲಿಲ್ಲ. ಮೊದಲು ಗುಬ್ಬಿಯ ಸದ್ದು ಹೋಯಿತು. ಆಮೇಲೆ ಮೊಮ್ಮಕ್ಕಳ ಮಾತು ಕೇಳಿಸಿದರೂ ತಿಳಿಯದಾಯಿತು. ‘ಮಾತಾಡಿದ್ದು ಕೇಳತೈತಿ, ಏನಂದ್ರಿ ಅಂಬೋದು ತಿಳಿಯೂದಿಲ್ಲ’ ಎನ್ನುತ್ತಿದ್ದರು. ರೇಡಿಯೋವನ್ನು ಬಟ್ಟೆಯಲ್ಲಿ ಸುತ್ತಿ ಮಾಡಿನಲ್ಲಿಟ್ಟುಬಿಟ್ಟರು. ನಾವು ಊಟಕ್ಕೆ ಕುಳಿತು ನಕ್ಕರೆ ಅವರು ನಮ್ಮ ಮುಖ ನೋಡಿ ಒಂದು ಗಳಿಗೆ ತಡವಾಗಿ ನಗುತ್ತಿದ್ದರು. ಆ ತಡವಾದ ನಗು ನನ್ನನ್ನು ಬಹಳ ನೋಯಿಸುತ್ತಿತ್ತು.

ನಮ್ಮ ಒಳಗಿವಿಯಲ್ಲಿ ಕೂದಲಿನಂಥ ಎಳೆಗಳಿರುವ ಸೂಕ್ಷ್ಮ ಜೀವಕೋಶಗಳು ಸಾಲಾಗಿವೆ. ಒಂದೊಂದು ಕಿವಿಯಲ್ಲಿ ಸುಮಾರು ಹದಿನೈದು ಸಾವಿರ. ಗಾಳಿಯ ಅಲೆಗಳನ್ನು ಮಿದುಳಿಗೆ ಅರ್ಥವಾಗುವ ಸಂಕೇತವಾಗಿ ಬದಲಿಸುವುದು ಅವುಗಳ ಕೆಲಸ. ಅತಿಯಾದ ಸದ್ದಿಗೆ ಅವು ಬಾಗುತ್ತವೆ, ಮತ್ತೆ ಮತ್ತೆ ಬಿದ್ದರೆ ಸಾಯುತ್ತವೆ. ಮನುಷ್ಯನಲ್ಲಿ ಸತ್ತವು ಮರಳಿ ಹುಟ್ಟುವುದಿಲ್ಲ. ಸದ್ದಿನಿಂದಾದ ಕಿವುಡು ಸಾಮಾನ್ಯವಾಗಿ ಎತ್ತರದ ಧ್ವನಿಗಳಲ್ಲಿ, 4000 ಹರ್ಟ್ಸ್ ಆಸುಪಾಸಿನಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ಸ, ಶ, ತ, ಕ ಮುಂತಾದ ವ್ಯಂಜನಗಳ ಸ್ಪಷ್ಟತೆಯೆಲ್ಲ ಆ ಎತ್ತರದ ಧ್ವನಿಗಳಲ್ಲಿರುವುದರಿಂದ ಮಾತು ಕೇಳಿಯೂ ತಿಳಿಯದಂತಾಗುತ್ತದೆ. ತಗ್ಗಿನ ನಾದ ಬಹಳ ಕಾಲ ಉಳಿದಿರುತ್ತದೆ.

ಹೆಡ್‌ಫೋನ್ ತಂದ ಕೆಲವು ದಿನಗಳ ಮೇಲೆ ಒಂದು ಸಂಜೆ ಅಪ್ಪ ಅದನ್ನು ಕುತೂಹಲದಿಂದ ನೋಡಿದರು. ಧ್ವನಿಯನ್ನು ತಗ್ಗಿಸಿ, ಗಂಗೂಬಾಯಿಯವರ ಒಂದು ವಿಲಂಬಿತ ಗಾಯನವನ್ನು ಹಚ್ಚಿ, ಅವರ ತಲೆಗೆ ಹಾಕಿದೆ. ಮೊದಲು ಏನೂ ಹೇಳಲಿಲ್ಲ. ಹುಬ್ಬು ಗಂಟಿಕ್ಕಿ ನೆಲ ನೋಡುತ್ತ ಕುಳಿತರು. ಆಮೇಲೆ ಬಲಗೈಯ ಬೆರಳುಗಳು ತೊಡೆಯ ಮೇಲೆ ಮೆಲ್ಲನೆ ಅಲುಗಾಡಿದವು.

‘ತಂಬೂರಿ ಕೇಳಾಕತ್ತೈತಿ’ ಎಂದರು. ತುಸು ಹೊತ್ತು ಬಿಟ್ಟು, ‘ಈಕಿ ನಮ್ಮ ಗಂಗೂಬಾಯಿ ಅಲ್ಲೇನವಾ?’ ಎಂದರು.

ಆ ಗಂಭೀರವಾದ ತಗ್ಗಿನ ಕಂಠ, ಹೊರಗಿನ ಗದ್ದಲ ಬೆರೆಯದೆ, ಅವರಲ್ಲಿ ಉಳಿದಿದ್ದ ಶ್ರವಣವನ್ನು ಮುಟ್ಟಿತ್ತು. ನಾನು ಹೌದೆಂದು ತಲೆಯಾಡಿಸಿದೆ. ಹನ್ನೆರಡು ನಿಮಿಷ ಅವರು ಅಲುಗದೆ ಕುಳಿತು ಕೇಳಿದರು. ನಾನು ಎದುರಿಗೆ ಕುಳಿತು, ಏನನ್ನೂ ಕೇಳದೆ, ಅವರ ಮುಖವನ್ನೇ ಕೇಳುತ್ತಿದ್ದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಹೆಡ್‌ಫೋನ್ ಶ್ರವಣಸಾಧನವಲ್ಲ. ಕೇಳಿಸದವರಿಗೆಂದು ಧ್ವನಿಯನ್ನು ಬೇಕಾಬಿಟ್ಟಿ ಏರಿಸಿದರೆ ಉಳಿದದ್ದೂ ಹೋದೀತು. ಅಂದು ಆದ ನಿಜವಾದ ಪ್ರಯೋಜನವೆಂದರೆ, ತನಗೆ ಇನ್ನು ಏನೂ ಕೇಳದೆಂದು ಕೈಚೆಲ್ಲಿದ್ದ ಮನುಷ್ಯನಿಗೆ ತನ್ನಲ್ಲಿ ಇನ್ನೂ ಏನೋ ಉಳಿದಿದೆಯೆಂಬುದು ತಿಳಿಯಿತು. ಎರಡು ವರ್ಷಗಳಿಂದ ‘ಬ್ಯಾಡ, ಮುದುಕಗ ಯಾಕ’ ಎನ್ನುತ್ತಿದ್ದವರು ಮರುವಾರ ಆಸ್ಪತ್ರೆಗೆ ಹೊರಟರು. ಕಿವಿಯ ಪರೀಕ್ಷೆಯಾಯಿತು, ಯಂತ್ರವೂ ಬಂದಿತು. ಅದು ಮೊದಲಿನ ಕಿವಿಯನ್ನು ಮರಳಿ ತಂದಿಲ್ಲ. ಗದ್ದಲವಿದ್ದಲ್ಲಿ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ಊಟದ ಹೊತ್ತಿಗೆ ಮಾತ್ರ ತಪ್ಪದೆ ಹಾಕಿಕೊಳ್ಳುತ್ತಾರೆ. ನಗು ಈಗ ಅಷ್ಟು ತಡವಾಗುವುದಿಲ್ಲ.

ನಮ್ಮ ಮನೆಯ ಕೆಲವು ಕಟ್ಟಳೆಗಳು

ಅಪ್ಪನಿಗೆ ಯಂತ್ರ ಮಾಡಿದ್ದನ್ನು ನಾವು ಮಕ್ಕಳಿಗೆ ಸಂಗೀತದಿಂದ ಮಾಡಿಕೊಳ್ಳಲು ಬಿಡಬಾರದಲ್ಲವೆ? ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೊಂದು ಲೆಕ್ಕ ಕೊಟ್ಟಿದೆ. 80 ಡೆಸಿಬೆಲ್ ಮಟ್ಟದಲ್ಲಿ ವಯಸ್ಕರು ವಾರಕ್ಕೆ 40 ಗಂಟೆ ಕೇಳಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಂತೆ ಸಮಯ ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 89ಕ್ಕೆ 5 ಗಂಟೆ. ಮಕ್ಕಳಿಗಾದರೆ 40 ಗಂಟೆಯ ಆ ಮಿತಿ 75 ಡೆಸಿಬೆಲ್‌ಗೇ ನಿಲ್ಲುತ್ತದೆ. ನನ್ನ ಪ್ರಯಾಣ ವಾರಕ್ಕೆ ಸುಮಾರು 18 ಗಂಟೆ. ಎಂದರೆ 83 ನನ್ನ ಗಡಿ. ಬಸ್ಸಿನ ಸದ್ದೂ ಆ ಲೆಕ್ಕಕ್ಕೇ ಸೇರುವುದರಿಂದ ಅದಕ್ಕಿಂತ ಬಹಳ ಕೆಳಗೇ ಇರಬೇಕು. ಮುಚ್ಚಿದ ಹೆಡ್‌ಫೋನಿನ ನಿಜವಾದ ಬೆಲೆ ಇಲ್ಲಿದೆ. ಹೊರಗಿನ ಸದ್ದು ತಗ್ಗಿದರೆ ಒಳಗಿನದನ್ನು ಏರಿಸಬೇಕಾಗಿಲ್ಲ.

ಅಳತೆಯ ಯಂತ್ರ ಎಲ್ಲರ ಬಳಿ ಇರುವುದಿಲ್ಲ. ನಾವು ಅನುಸರಿಸುವ ಉಪಾಯ ಸರಳವಾದುದು. ರಾತ್ರಿ ಮೌನವಾದ ಮನೆಯಲ್ಲಿ ಹಿತವೆನಿಸುವ ಮಟ್ಟಕ್ಕೆ ಧ್ವನಿಯನ್ನು ಇಟ್ಟು ಗುರುತು ಮಾಡಿಕೊಳ್ಳುವುದು. ಹಗಲು ಎಲ್ಲಿ ಹೋದರೂ ಅದನ್ನು ದಾಟದಿರುವುದು. ಅಲ್ಲಿಗೂ ಕೇಳದಿದ್ದರೆ ಸಂಗೀತವನ್ನು ನಿಲ್ಲಿಸಿ ಕಿಟಕಿಯಾಚೆ ನೋಡುವುದು. ಕೇಳಿ ಮುಗಿಸಿದ ಮೇಲೆ ಕಿವಿಯಲ್ಲಿ ಗುಂಯ್ ಎಂಬ ಸದ್ದು ಉಳಿದರೆ ಅದು ಕಿವಿ ಕೊಡುವ ನೋಟಿಸು ಎಂದು ಮಗಳಿಗೆ ಹೇಳಿದ್ದೇನೆ.

ರಸ್ತೆ ದಾಟುವಾಗ, ರೈಲು ಹಳಿಯ ಬಳಿ, ಹೊಲದ ದಾರಿಯಲ್ಲಿ ಟ್ರ್ಯಾಕ್ಟರುಗಳು ಓಡಾಡುವಲ್ಲಿ ಹೆಡ್‌ಫೋನ್ ಚೀಲದಲ್ಲಿರಬೇಕು. ಕತ್ತಲಾದ ಮೇಲೆ ನಿಲ್ದಾಣದಿಂದ ಮನೆಗೆ ನಡೆಯುವ ಹೆಣ್ಣುಮಕ್ಕಳಿಗೆ ಕಿವಿಯೇ ಮೊದಲ ಕಾವಲು, ಅದನ್ನು ಮುಚ್ಚಬಾರದು. ಮನೆಯೊಳಗೆ ಒಬ್ಬರು ಇನ್ನೊಬ್ಬರನ್ನು ಕರೆದರೆ ಮೂರನೆಯ ಸಲ ಕೂಗುವಂತಾಗಬಾರದು. ಮನೆಯಲ್ಲಿ ಜನರಿದ್ದಾಗ ಕೇಳಲೇಬೇಕೆನಿಸಿದರೆ ಒಂದು ಬಟ್ಟಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಳ್ಳುವುದು.

ವಸ್ತುವಿನ ಆರೈಕೆಯನ್ನೂ ಹೇಳಿಬಿಡುತ್ತೇನೆ. ನಮ್ಮ ಎರೆಮಣ್ಣಿನ ಧೂಳು ಎಲ್ಲಿ ಬೇಕಾದರೂ ನುಗ್ಗುತ್ತದೆ. ಗಟ್ಟಿ ಪೆಟ್ಟಿಗೆಯಿಲ್ಲದೆ ಒಯ್ಯಬೇಡಿ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಚರ್ಮದಂಥ ಮೆತ್ತೆಯ ಒಳಗೆ ಕಿವಿ ಬೆವರುತ್ತದೆ. ಅರ್ಧ ಗಂಟೆಗೊಮ್ಮೆ ತೆಗೆದು ಒಣಬಟ್ಟೆಯಿಂದ ಒರೆಸಬೇಕು. ಕಿವಿಗೂ ಅಷ್ಟು ವಿರಾಮ ದೊರೆಯುತ್ತದೆ. ಮೆತ್ತೆ ಸುಕ್ಕುಗಟ್ಟಿ ಸಂದು ಬಿಟ್ಟರೆ ಬದಲಿಸಬೇಕು, ಇಲ್ಲದಿದ್ದರೆ ತಗ್ಗಿನ ನಾದವೂ ಹೋಯಿತು, ತಡೆಯೂ ಹೋಯಿತು. ತಂತಿಯನ್ನು ಫೋನಿಗೆ ಬಿಗಿಯಾಗಿ ಸುತ್ತಬಾರದು.

ಸದ್ದು ಹೆಡ್‌ಫೋನಿನಿಂದ ಮಾತ್ರ ಬರುವುದಿಲ್ಲವೆಂಬುದೂ ನಿಜ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಜನವಸತಿಯ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಮದುವೆ, ಜಾತ್ರೆ, ಮೆರವಣಿಗೆಗಳಲ್ಲಿ ಎದೆ ನಡುಗಿಸುವ ಪೆಟ್ಟಿಗೆಗಳ ಮುಂದೆ ಎಳೆಯ ಮಕ್ಕಳನ್ನು ಹೆಗಲ ಮೇಲೆ ಕೂಡಿಸಿಕೊಂಡು ನಿಲ್ಲುವವರನ್ನು ಕಂಡಾಗ ನನಗೆ ಜಿನ್ನಿಂಗ್ ಕಾರ್ಖಾನೆ ನೆನಪಾಗುತ್ತದೆ. ನಮ್ಮ ಹಬ್ಬದ ಸಂಭ್ರಮಗಳೂ ಈ ಮಾತಿಗೆ ಹೊರತಾಗಬಾರದು.

ಕದವಿರುವುದು ಮುಚ್ಚುವುದಕ್ಕೂ ಹೌದು, ತೆರೆಯುವುದಕ್ಕೂ ಹೌದು. ಮೂರು ಗಂಟೆ ಕದ ಮುಚ್ಚಿಕೊಂಡು ತಂಬೂರಿಯ ಸೂಕ್ಷ್ಮವನ್ನು ಕೇಳಲು ಕಲಿತ ಕಿವಿ, ಮನೆಗೆ ಬಂದ ಮೇಲೆ ಅಡುಗೆಮನೆಯ ನಿಟ್ಟುಸಿರನ್ನೂ ಕೇಳಬೇಕು. ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದ ಮಗುವಿನ ದನಿಯಲ್ಲಾದ ಬದಲಾವಣೆಯನ್ನೂ ಹಿಡಿಯಬೇಕು. ಹಾಗಾಗದಿದ್ದರೆ ಎಷ್ಟು ಬೆಲೆಯ ಹೆಡ್‌ಫೋನಾದರೂ ನಮಗೆ ಕಲಿಸಿದ್ದು ಕಡಿಮೆಯೇ.

ಆದ್ದರಿಂದ ಪ್ರಿಯ ಓದುಗರೇ, ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಮುಂದಿನ ಭಾನುವಾರ ಆರಾಧನೆಗೆ ಹೋದಾಗ ಹಿಂದಿನ ಬೆಂಚುಗಳತ್ತ ಒಮ್ಮೆ ನೋಡಿ. ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು ಕುಳಿತವರು, ಎಲ್ಲರೂ ಎದ್ದ ಮೇಲೆ ಒಂದು ಗಳಿಗೆ ತಡವಾಗಿ ಏಳುವವರು ಅಲ್ಲಿ ಯಾರಾದರೂ ಇದ್ದಾರು. ಕೈಹಿಡಿದು ಅವರನ್ನು ಮುಂದಿನ ಸಾಲಿಗೆ ಕರೆತನ್ನಿ. ಹತ್ತಿರ ಕುಳಿತು, ಮುಖಕ್ಕೆ ಮುಖ ಕೊಟ್ಟು, ಕೂಗದೆ, ನಿಧಾನವಾಗಿ ಮಾತಾಡಿಸಿ. ಕಿವಿಯ ಪರೀಕ್ಷೆ ಮಾಡಿಸಿದ್ದೀರಾ ಎಂದು ಕೇಳಿ. ಮಾಡಿಸಿರದಿದ್ದರೆ ಆಸ್ಪತ್ರೆಗೆ ಯಾವ ದಿನ ಜೊತೆಗೆ ಬರಲಿ ಎಂದೂ ಕೇಳಿ.